ವೆಂಟಿಲೇಟರ್ ಮೇಲಿರುವ ರೋಗಿಯ ಎದೆಗೆ ಕಟ್ಟುವ ಪಟ್ಟಿಯಿಂದ ಏನು ತಿಳಿಯುತ್ತದೆ? ಸಿಟಿ ಸ್ಕ್ಯಾನ್ ಸಾಲದೇ?

ಅದು ಎಲೆಕ್ಟ್ರಿಕಲ್ ಇಂಪೀಡೆನ್ಸ್ ಟೊಮೊಗ್ರಫಿ, ಅಂದರೆ ಇಐಟಿ ಎಂಬ ಉಪಕರಣದ ಪಟ್ಟಿ. ಎಆರ್‌ಡಿಎಸ್ ಎಂಬ ತೀವ್ರ ಉಸಿರಾಟದ ವೈಫಲ್ಯದಲ್ಲಿ ಶ್ವಾಸಕೋಶವು ಎಲ್ಲೆಡೆ ಒಂದೇ ರೀತಿ ಕೆಡುವುದಿಲ್ಲ. ಅಂಗಾತ ಮಲಗಿದ ರೋಗಿಯ ಬೆನ್ನಿನ ಕಡೆಯ ಗಾಳಿಗೂಡುಗಳು ಕುಸಿದು ಮುಚ್ಚಿಕೊಂಡಿರುವಾಗಲೇ ಎದೆಯ ಕಡೆಯವು ಅಳತೆ ಮೀರಿ ಉಬ್ಬುತ್ತಿರಬಹುದು. ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಉಳಿಸಿಕೊಳ್ಳುವ ಒತ್ತಡಕ್ಕೆ ಪೀಪ್ ಎನ್ನುತ್ತಾರೆ. ಅದು ಕಡಿಮೆಯಾದರೆ ಕುಸಿತ ಹೆಚ್ಚುತ್ತದೆ, ಅತಿಯಾದರೆ ಉಬ್ಬು ಹೆಚ್ಚುತ್ತದೆ.

ಪಟ್ಟಿಯಲ್ಲಿ ಸಾಮಾನ್ಯವಾಗಿ 16 ಅಥವಾ 32 ಎಲೆಕ್ಟ್ರೋಡ್‌ಗಳಿದ್ದು, ಅವು ರೋಗಿಯ ಅರಿವಿಗೇ ಬಾರದಷ್ಟು ಸಣ್ಣ ವಿದ್ಯುತ್ತನ್ನು ಹರಿಸುತ್ತವೆ. ಗಾಳಿ ತುಂಬಿದಷ್ಟೂ ವಿದ್ಯುತ್ತಿಗೆ ಅಡ್ಡಿ ಹೆಚ್ಚುವುದರಿಂದ, ಪ್ರತಿ ಉಸಿರಿನಲ್ಲೂ ಗಾಳಿ ಎಲ್ಲಿಗೆ ಹೋಯಿತು, ಎಲ್ಲಿಗೆ ಹೋಗಲಿಲ್ಲ ಎಂಬುದು ಆ ಕ್ಷಣವೇ ಪರದೆಯ ಮೇಲೆ ಮೂಡುತ್ತದೆ. ವೈದ್ಯರು ಪೀಪ್ ಅನ್ನು ಮೊದಲು ಏರಿಸಿ, ಬಳಿಕ 2 ಸೆಂಟಿಮೀಟರ್ ನೀರಿನ ಒತ್ತಡದಷ್ಟು ಹಂತಹಂತವಾಗಿ ಇಳಿಸುತ್ತ, ಕುಸಿತ ಮತ್ತು ಉಬ್ಬು ಎರಡೂ ಆದಷ್ಟು ಕಡಿಮೆಯಿರುವ ಮಟ್ಟವನ್ನು ಹುಡುಕುತ್ತಾರೆ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಸಿಟಿ ಚಿತ್ರ ಇದಕ್ಕಿಂತ ಎಷ್ಟೋ ಸ್ಪಷ್ಟ, ನಿಜ. ಆದರೆ ಅದು ಒಂದು ಕ್ಷಣದ್ದು; ಅದಕ್ಕಾಗಿ ಕೊಳವೆ, ಡ್ರಿಪ್‌ಗಳ ಸಮೇತ ರೋಗಿಯನ್ನು ಸಾಗಿಸಬೇಕು, ವಿಕಿರಣವೂ ತಾಗುತ್ತದೆ. ಇಐಟಿಗೂ ಮಿತಿಯಿದೆ: ಪಟ್ಟಿಯ ಮಟ್ಟದ ಒಂದು ಅಡ್ಡಸೀಳನ್ನಷ್ಟೇ ಅದು ತೋರಿಸುತ್ತದೆ, ಮತ್ತು ಪೇಸ್‌ಮೇಕರ್ ಇರುವವರಿಗೆ ಅದನ್ನು ಸಾಮಾನ್ಯವಾಗಿ ಕಟ್ಟುವುದಿಲ್ಲ.