ನಿಮ್ಮ ಕೃತ್ಯೆಗೆ ಒಂಬತ್ತನೇ ಪುಟದಲ್ಲಿ ಮನಸ್ಸು ಎಲ್ಲಿಂದ ಬಂತು?

ನಮಸ್ಕಾರ. ನಿಮ್ಮ ಕಥೆ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಹೋಮದ ಹೊಗೆ ಬರೋ ಭಾಗ ಚೆನ್ನಾಗಿದೆ. ಈಗ ಸಿಟ್ಟು ಬಂದಿದ್ದೆಲ್ಲಿ ಅಂತ ಹೇಳ್ತೀನಿ.

ಪುರೋಹಿತ ಅಭಿಚಾರ, ಅಂದ್ರೆ ವೈರಿಗೆ ಕೇಡು ಮಾಡೋ ಮಾಟ, ಮಾಡ್ತಾನೆ, ಬೆಂಕಿಯಿಂದ ಕೃತ್ಯೆ, ಅಂದ್ರೆ ಆ ಮಾಟ ಹುಟ್ಟಿಸಿದ ಮಾರಿ, ಏಳ್ತಾಳೆ, ಎಂಟು ಪುಟ ಬಾಯಿ ಬಿಡದೆ ನಡೀತಾಳೆ, ವೈರಿ ಮನೇಲಿ ತೊಟ್ಟಿಲು ಕಂಡ ತಕ್ಷಣ ‘ನಾನು ಯಾರ ಗುಲಾಮಳೂ ಅಲ್ಲ, ಈ ಶಕ್ತಿಗೂ ಒಂದು ಮನಸ್ಸಿದೆ’ ಅಂತ ಭಾಷಣ ಮಾಡಿ ವಾಪಸ್ ಹೋಗಿ ಪುರೋಹಿತನನ್ನೇ ಸುಡ್ತಾಳೆ. ಆ ಮನಸ್ಸು ಅವಳದ್ದಲ್ಲ ಮಾರಾಯ್ರೇ, ಕಥೆ ಮುಗಿಸೋಕೆ ಅರ್ಜೆಂಟಲ್ಲಿದ್ದ ನಿಮ್ಮದು.

‘ಗುಲಾಮಳೂ ಅಲ್ಲ’ ಅನ್ನೋ ಸಾಲೇ ತಗೊಳ್ಳಿ. ವಿಷ್ಣುಪುರಾಣದಲ್ಲಿ ಪ್ರಹ್ಲಾದನ ಮೇಲೆ ಬಿಟ್ಟ ಕೃತ್ಯೆಯ ಶೂಲ ಅವನೆದೆಗೆ ತಾಗಿ ಮುರಿಯುತ್ತೆ, ಅವಳು ತಿರುಗಿ ಬಂದು ಬಿಟ್ಟ ಪುರೋಹಿತರನ್ನೇ ಮುಗಿಸ್ತಾಳೆ. ಪಾಪ ಅನ್ನಿಸಿ ಅಲ್ಲ. ಭಾಗವತದಲ್ಲಿ ಕಾಶಿರಾಜನ ಮಗ ಸುದಕ್ಷಿಣನಿಗೆ ಶಿವ ಮೊದಲೇ ಕಂಡೀಷನ್ ಹಾಕಿರ್ತಾನೆ, ಬ್ರಾಹ್ಮಣರಲ್ಲಿ ಭಕ್ತಿ ಇಲ್ಲದವನ ಮೇಲೆ ಬಿಟ್ಟರೆ ಮಾತ್ರ ಈ ಅಭಿಚಾರ ಕೆಲಸ ಮಾಡುತ್ತೆ ಅಂತ. ಇವನು ಹೋಗಿ ಹೋಗಿ ಬ್ರಾಹ್ಮಣಭಕ್ತ ಕೃಷ್ಣನ ಮೇಲೆ ಬಿಟ್ಟ, ಸುದರ್ಶನ ಅಟ್ಟಿಸಿಕೊಂಡು ಬಂತು, ಕೃತ್ಯೆ ವಾಪಸ್ ಬಂದು ಅವನನ್ನೂ ಹೋಮ ಮಾಡಿಸಿದ ಅವನ ಋತ್ವಿಜರನ್ನೂ ಸುಟ್ಟುಹಾಕ್ತು. ಎರಡು ಕಡೆನೂ ಕೃತ್ಯೆ ಏನನ್ನೂ ಡಿಸೈಡ್ ಮಾಡಲ್ಲ, ಭಯ ಇರೋದೇ ಅಲ್ಲಿ.

‘ಶಕ್ತಿಗೂ ಮನಸ್ಸಿದೆ’ ಅನ್ನೋದು ತಪ್ಪು ಅಂತಲ್ಲ. ಹಳೇ ಈಜಿಪ್ಟಲ್ಲಿ ಮಂತ್ರವಿದ್ಯೆಗೆ ಹೆಕಾ ಅಂತಾರೆ, ಹೆಕಾ ಅಂದ್ರೆ ಒಬ್ಬ ದೇವರೂ ಹೌದು, ಸೂರ್ಯನ ದೋಣೀಲಿ ಕೂತು ಕಾವಲು ಕಾಯ್ತಾನೆ. ಅಲ್ಲಿ ಮನಸ್ಸು ಮೊದಲ ಪುಟದಿಂದಲೇ ಇರುತ್ತೆ. ನಿಮಗೆ ಅದು ಬೇಕಿದ್ರೆ ಹೋಮಕುಂಡದಲ್ಲೇ ಅವಳು ಒಂದು ಸಲ ಮುಖ ತಿರುಗಿಸಬೇಕಿತ್ತು.

ನಾನು ಕೆಲಸ ಕಲಿತಿದ್ದು ಅಚ್ಚುಮೊಳೆ ಜೋಡಿಸೋ ಒಂದು ಸಣ್ಣ ಪ್ರೆಸ್ಸಲ್ಲಿ. ಮದುವೆ ಕಾಗದದ ಪ್ರೂಫ್ ನೋಡ್ತಿದ್ದೆ, ‘ಶ್ರದ್ಧಾಪೂರ್ವಕ ಆಮಂತ್ರಣ’ ಅನ್ನೋದು ‘ಶ್ರಾದ್ಧಪೂರ್ವಕ’ ಆಗಿತ್ತು, ಕಣ್ಣಿಗೇ ಬೀಳಲಿಲ್ಲ, ಮುನ್ನೂರು ಕಾಗದ ಅಚ್ಚಾಗಿ ಹೋಯ್ತು. ಹುಡುಗಿ ಅಪ್ಪ ಬಂದು ಬೈದಿದ್ದು ಇವತ್ತಿಗೂ ಕಿವೀಲಿದೆ. ಯಜಮಾನರು ಬೈಯಲಿಲ್ಲ, ದೇವಶಿಲ್ಪಿ ತ್ವಷ್ಟೃವಿನ ಕಥೆ ಹೇಳಿದ್ರು: ಮಗ ವಿಶ್ವರೂಪನನ್ನ ಇಂದ್ರ ಕೊಂದ ಅಂತ ‘ಇಂದ್ರಶತ್ರು ಬೆಳೆಯಲಿ’ ಅಂತ ಆಹುತಿ ಹಾಕಿದ, ಆ ಪದದ ಕೊನೇಲಿ ಬರಬೇಕಿದ್ದ ಉದಾತ್ತ, ಅಂದ್ರೆ ಏರುದನಿ, ಶುರುವಿಗೆ ಬಂತು, ಇಂದ್ರನನ್ನ ಕೊಲ್ಲೋನು ಅನ್ನೋದು ಹೋಗಿ ಇಂದ್ರ ಯಾರನ್ನ ಕೊಲ್ತಾನೋ ಅವನು ಅಂತಾಯ್ತು, ವೃತ್ರ ಹುಟ್ಟಿದ, ಇಂದ್ರನ ಕೈಲೇ ಸತ್ತ. ಮಂತ್ರ ತ್ವಷ್ಟೃವಿನ ಹೊಟ್ಟೆ ಉರಿ ಕೇಳಿಸಿಕೊಳ್ಳಲೇ ಇಲ್ಲ, ಅವನ ಬಾಯಿಂದ ಬಂದಿದ್ದನ್ನ ಅಷ್ಟೇ ಕೇಳಿಸಿಕೊಳ್ತು. ನನ್ನ ಮೊಳೆಗಳೂ ಹಂಗೇ.

ಅಥರ್ವವೇದದ ಹತ್ತನೇ ಕಾಂಡದ ಮೊದಲ ಸೂಕ್ತ ಓದಿ. ಕೃತ್ಯೆಯನ್ನ ತಲೆ, ಮೂಗು, ಕಿವಿ ಮಾಡಿ ಮದುವಣಗಿತ್ತಿ ಥರ ಸಿಂಗರಿಸಿ ಕಳಿಸ್ತಾರೆ. ಆಮೇಲೆ ಅವಳನ್ನ ಹಿಂದಕ್ಕೆ ಕಳಿಸೋರು, ಗಂಡ ಹೊರಹಾಕಿದ ಹೆಂಡತಿ ಥರ ನಿನ್ನನ್ನ ಮಾಡಿದವನ ಹತ್ತಿರಾನೇ ಹೋಗು ಅಂತಾರೆ. ಅವಳು ಒಂದು ಮಾತೂ ಆಡಲ್ಲ, ಆದ್ರೂ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಭಾಷಣ ತೆಗೀರಿ, ತೊಟ್ಟಿಲು ಇರಲಿ, ಅವಳು ಯಾಕೆ ತಿರುಗಿದಳು ಅನ್ನೋದಕ್ಕೆ ಪುರೋಹಿತನ ಬಾಯಲ್ಲೇ ಒಂದು ತಪ್ಪು ಹುಡುಕಿ ಮತ್ತೆ ಕಳಿಸಿ.