ವಾಡೆಯ ಬಾಗಿಲಲ್ಲೇ ನಿಂತ ಲೇಖನ

ಪ್ರಿಯ ಮಿತ್ರರೇ,

ನಿಮ್ಮ ‘ಕುಲೀನತೆಯ ಅಸ್ತಮಾನ’ ಲೇಖನವನ್ನು ನಾವು ಪ್ರಕಟಿಸುತ್ತಿಲ್ಲ. ವಿಷಾದದ ಎರಡು ಸಾಲು ಬರೆದು ಹಿಂದಿರುಗಿಸಬಹುದಿತ್ತು. ಆದರೆ ನಿಮ್ಮ ಹನ್ನೆರಡು ಪುಟಗಳಲ್ಲಿ, ಏಳನೆಯ ಪುಟದ ಕೊನೆಗೆ, ಆರು ಸಾಲುಗಳಿವೆ. ಈ ದೀರ್ಘ ಪತ್ರ ಆ ಆರು ಸಾಲುಗಳಿಗಾಗಿ. ನಿಮ್ಮ ಒಪ್ಪಿಗೆ ಪಡೆದು, ಹೆಸರು ಹೇಳದೆ, ಇದನ್ನು ಪತ್ರಿಕೆಯಲ್ಲಿಯೂ ಅಚ್ಚು ಹಾಕುತ್ತಿದ್ದೇನೆ. ಹಳೆಯ ಒಡೆಯರ ವಾಡೆ ಎಂಬ ದೊಡ್ಡ ಮನೆಗಳು, ಸಂಸ್ಥಾನ, ದೇಸಾಯರ ಆಡಳಿತದ ದೇಸಗತಿಗಳ ಬಗ್ಗೆ ನಮಗೆ ಲೇಖನ ಕಳಿಸುವವರು ಈ ಭಾಗದಲ್ಲಿ ಬಹಳ ಜನ ಇದ್ದಾರೆ, ಎಲ್ಲರೂ ಹೆಚ್ಚುಕಡಿಮೆ ನೀವು ಎಡವಿದ ಕಲ್ಲಿಗೇ ಎಡವುತ್ತಾರೆ.

ಓದುಗರಿಗೆ ತಿಳಿಯಲೆಂದು ನಿಮ್ಮ ವಾದವನ್ನು ಚಿಕ್ಕದಾಗಿ ಹೇಳುತ್ತೇನೆ. ಲಿಂಗಸುಗೂರು ಸೀಮೆಯ ಒಂದು ದೇಸಾಯರ ಮನೆತನ ನಿಮ್ಮ ತಾಯಿಯ ತವರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದು, 1971ರಲ್ಲಿ ಅರಸರ ರಾಜಧನ ರದ್ದಾದದ್ದು, 1974ರಿಂದ ಉಳುವವನೇ ಹೊಲದ ಒಡೆಯನಾದದ್ದು, ಈ ಮೂರು ಪೆಟ್ಟಿಗೆ ನಮ್ಮ ನಾಡಿನ ಸಂಸ್ಕಾರವೇ ಮುರಿದುಬಿತ್ತು ಎನ್ನುತ್ತೀರಿ. ‘ರಕ್ತದಲ್ಲಿ ಹರಿದು ಬಂದ ಘನತೆಯನ್ನು ಚುನಾವಣೆಯಲ್ಲಿ ಗೆಲ್ಲಲಾಗದು’ ಎಂದು ಬರೆಯುತ್ತೀರಿ. ಶ್ರೇಷ್ಠರ ಆಳ್ವಿಕೆಯೇ ಉತ್ತಮವೆಂದು ಪ್ಲೇಟೋ ಹೇಳಿದ್ದಾನೆ ಎಂದು ಸಾಕ್ಷಿ ಕೊಡುತ್ತೀರಿ. ಶ್ರೇಷ್ಠವಾದ ಕಲೆ ಎಲ್ಲರಿಗೂ ಎಟುಕಬಾರದು ಎಂಬುದು ನಿಮ್ಮ ಕೊನೆಯ ಮಾತು.

ನಿಮ್ಮ ಸಿಟ್ಟಿನಲ್ಲಿ ನಿಜವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆಗೆ ತಡೆ ಹಾಕುವ ತನಕ ಈ ಸೀಮೆ ಕಂಡ ಹಣದ ಅಬ್ಬರವನ್ನು ನಾವೆಲ್ಲ ನೋಡಿದ್ದೇವೆ. ಕೆಂಪು ಧೂಳಿನ ಲಾರಿಗಳ ಸಾಲು, ಒಂದೆರಡು ವರ್ಷದಲ್ಲಿ ಎದ್ದ ಬಂಗಲೆಗಳು, ಮದುವೆಗಳಲ್ಲಿ ಸುರಿದ ದುಡ್ಡು. ದುಡ್ಡಿದ್ದವನೇ ದೊಡ್ಡಪ್ಪ ಎಂಬ ಗಾದೆ ಆಗ ಊರಿನ ಕಾನೂನೇ ಆಗಿತ್ತು. ಅಂಥದ್ದನ್ನು ಕಂಡವರಿಗೆ ಮನುಷ್ಯ ಇದಕ್ಕಿಂತ ಎತ್ತರದಲ್ಲಿ ಬದುಕಬಲ್ಲ ಎಂಬ ನೆನಪಿಗಾಗಿ ಹಂಬಲ ಹುಟ್ಟುವುದು ಸಹಜ. ಆ ಹಂಬಲವನ್ನು ನಾನು ಗೌರವಿಸುತ್ತೇನೆ. ಸಮಾನತೆ ಎಂದರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ಇಳಿಸುವುದು ಎಂದುಕೊಂಡವರ ಜೊತೆ ನನಗೂ ಜಗಳವಿದೆ. ಆದರೆ ನೀವು ಆ ಎತ್ತರವನ್ನು ಹುಡುಕಿಕೊಂಡು ಹೋಗಿ ವಾಡೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದೀರಿ. ಕೆತ್ತನೆಯ ಚೌಕಟ್ಟು, ಹಿತ್ತಾಳೆಯ ಗುಬ್ಬಿ, ಗಾಜಿನ ದೀಪಗುಚ್ಛ, ಕುದುರೆ ಲಾಯ, ಇವುಗಳ ವರ್ಣನೆಗೆ ನಾಲ್ಕು ಪುಟ ಹೋಗಿವೆ. ಒಳಗಿದ್ದವರು ಹೇಗೆ ಬದುಕಿದರು ಎಂಬುದಕ್ಕೆ ಆರು ಸಾಲು.

ಪ್ಲೇಟೋನ ಹೆಸರು ಹೇಳಿದ ಮೇಲೆ ಅವನ ಮಾತನ್ನು ಪೂರ್ತಿ ಕೇಳಬೇಕಿತ್ತು. ಅವನ ಆದರ್ಶ ನಗರದಲ್ಲಿ ಆಳುವವರಿಗೆ ಸ್ವಂತ ಮನೆಯಿಲ್ಲ, ಹೊಲವಿಲ್ಲ, ಬೆಳ್ಳಿ ಬಂಗಾರ ಮುಟ್ಟುವ ಹಕ್ಕಿಲ್ಲ. ಸೈನಿಕರಂತೆ ಎಲ್ಲರೂ ಕೂಡಿ ಉಣ್ಣಬೇಕು. ಬಂಗಾರದ ಗುಣದವರಿಗೆ ಕಂಚಿನ ಗುಣದ ಮಗು ಹುಟ್ಟಿದರೆ ಕನಿಕರ ತೋರದೆ ಕೆಳಗಿನ ಕೆಲಸಕ್ಕೆ ಕಳಿಸಬೇಕು, ಕಂಚಿನವರ ಮನೆಯಲ್ಲಿ ಬಂಗಾರದ ಮಗು ಹುಟ್ಟಿದರೆ ಮೇಲಕ್ಕೆ ತರಬೇಕು ಎನ್ನುತ್ತಾನೆ. ಅವನ ಶಿಷ್ಯ ಅರಿಸ್ಟಾಟಲ್ ಇನ್ನೂ ನೇರ: ಶ್ರೇಷ್ಠರು ತಮ್ಮ ಲಾಭಕ್ಕಾಗಿ ಆಳತೊಡಗಿದರೆ ಅದು ಕೆಲವೇ ಹಣವಂತರ ಆಳ್ವಿಕೆಯಾಗಿ ಕೆಡುತ್ತದೆ. ಈ ಇಬ್ಬರನ್ನೂ ಕರೆದುಕೊಂಡು ನಿಮ್ಮ ವಾಡೆಯ ಪಡಸಾಲೆಗೆ ಹೋದರೆ, ಅವರು ಮೊದಲು ಕೇಳುವುದು ತಿಜೋರಿಯ ಕೀಲಿ ಯಾರ ಹತ್ತಿರ ಇದೆ ಎಂದು.

ಗ್ರೀಸಿನವರೆಗೆ ಹೋಗುವ ಅಗತ್ಯವೂ ಇರಲಿಲ್ಲ. ನಿಮ್ಮ ರಾಯಚೂರು ಜಿಲ್ಲೆಯಲ್ಲೇ ಮಸ್ಕಿ ಇದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಅಲ್ಲಿ ಬಂಡೆಯ ಮೇಲಿನ ಬರಹ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು, ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇಷ್ಟನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ. ಆ ಶಾಸನ ಹೇಳುವುದೇನು ಎಂಬುದನ್ನು ಓದಿದವರು ಕಡಿಮೆ. ಧರ್ಮದಲ್ಲಿ ತೊಡಗಿದ ಸಣ್ಣವನೂ ಈ ಫಲವನ್ನು ಪಡೆಯಬಲ್ಲ, ದೊಡ್ಡವನು ಮಾತ್ರ ಪಡೆಯಬಲ್ಲ ಎಂದು ಭಾವಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎನ್ನುತ್ತದೆ. ಹೇಳುತ್ತಿರುವವನು ಯಾರು ನೋಡಿ. ಅವನಿಗಿಂತ ದೊಡ್ಡ ಅರಸ ಆ ಕಾಲಕ್ಕೆ ಈ ದೇಶದಲ್ಲಿ ಇರಲಿಲ್ಲ. ಎತ್ತರ ತನ್ನ ಮನೆಯ ಸ್ವತ್ತು ಎಂದು ಬರೆಸಿಕೊಳ್ಳುವ ಅಧಿಕಾರ ಅವನಿಗಿತ್ತು. ಅವನು ಬರೆಸಿದ್ದು ಇದನ್ನು. ಇಲ್ಲಿ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅವನ ಇಂಥ ಶಾಸನಗಳಿವೆ. ನಮ್ಮ ಮೂರೂ ಜಿಲ್ಲೆಗಳ ಕಲ್ಲಿನ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇರುವ ಮಾತನ್ನು ನಿಮ್ಮ ಲೇಖನ ಒಮ್ಮೆಯೂ ತಡವಿಲ್ಲ.

ಇನ್ನೊಂದು ಸಾಕ್ಷಿ ನಿಮ್ಮ ತಾಯಿಯ ತವರಿಗೆ ಅದಕ್ಕಿಂತಲೂ ಹತ್ತಿರದ್ದು. ಗುರುಗುಂಟಾ ಸಂಸ್ಥಾನದ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ. ಪಕ್ಕದಲ್ಲೇ ಇರುವ ಅಮರೇಶ್ವರದ ಜಾತ್ರೆಯನ್ನೂ ಹೆಸರಿಸಿದ್ದೀರಿ. ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ಕಲ್ಯಾಣಕ್ಕೆ ಹೋದದ್ದು ಆ ಅಮರೇಶ್ವರದಿಂದ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ’ ಎಂದು ಕೇಳಿದಳು, ‘ಈಸಕ್ಕಿಯಾಸೆ ನಿಮಗೇಕೆ’ ಎಂದಳು, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಆ ಕೈಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನೆಲದ ಮಣ್ಣಿನಿಂದ ಒಂದೊಂದೇ ಕಾಳು ಹೆಕ್ಕಿ, ಕಲ್ಲು ಬೇರೆ ಮಾಡಿ, ಮೊರದಲ್ಲಿ ಕೇರಿ ಅಭ್ಯಾಸವಾದ ಕೈಗಳು. ಮುಷ್ಟಿಯ ತೂಕದಿಂದಲೇ ಇವತ್ತಿನ ಅಕ್ಕಿ ಹೆಚ್ಚಾಗಿದೆ ಎಂದು ಆಕೆಗೆ ತಿಳಿದಿರಬೇಕು. ಅರಸನಿಗೆ ಆಸೆ ಇರಲಿ, ನಮಗೆ ತಕ್ಕದ್ದಲ್ಲ ಎಂದು ಬಡವಿಯೊಬ್ಬಳು ಹೇಳುವಾಗ ಸಿಂಹಾಸನ ಎಲ್ಲಿದೆ? ನೀವು ಹುಡುಕುತ್ತಿದ್ದ ಕುಲೀನತೆ ನನ್ನ ಮಟ್ಟಿಗೆ ಇದು. ತನಗೆ ಸಿಕ್ಕುವುದನ್ನೆಲ್ಲ ತೆಗೆದುಕೊಳ್ಳದಿರುವುದು, ಯಾರೂ ಕೇಳದಿದ್ದರೂ ತನ್ನನ್ನು ತಾನು ಲೆಕ್ಕ ಕೇಳಿಕೊಳ್ಳುವುದು.

ಅರಸರಲ್ಲಿ ಅದು ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ದೆಹಲಿಯ ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪ್ ಕಂಪಿಲಿಗೆ ಓಡಿ ಬಂದಾಗ ಕಂಪಿಲರಾಯ ಆಶ್ರಯ ಕೊಟ್ಟ. ಬಂದವನು ಬೇರೆ ಧರ್ಮದವನು, ಆಶ್ರಯ ಕೊಟ್ಟರೆ ರಾಜ್ಯ ಹೋಗುವುದು ಖಚಿತ. ಆದರೂ ಆಶ್ರಿತನನ್ನು ಒಪ್ಪಿಸಲಿಲ್ಲ, ಅವನನ್ನು ಸುರಕ್ಷಿತ ಜಾಗಕ್ಕೆ ಕಳಿಸಿ ಹೋರಾಡಿ ಸತ್ತ. 1327ರ ಹೊತ್ತಿಗೆ ನಡೆದ ಈ ಘಟನೆಯನ್ನು ಕೆಲವೇ ವರ್ಷಗಳ ನಂತರ ಭಾರತಕ್ಕೆ ಬಂದ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಕೋಟೆಯ ಹೆಂಗಸರು ಬೆಂಕಿಗೆ ಬಿದ್ದದ್ದನ್ನೂ ಅವನೇ ಬರೆದಿದ್ದಾನೆ, ಅರಸನ ಮಾತಿನ ಬೆಲೆಯನ್ನು ಅವರೂ ತೆತ್ತರು ಎಂಬುದನ್ನು ಮರೆತು ಇದನ್ನು ಹೊಗಳಬಾರದು. ಹತ್ತಿರದ ಕಾಲಕ್ಕೆ ಬಂದರೆ, ಸಂಡೂರು ಸಂಸ್ಥಾನದ ಅರಸರಾದ ಘೋರ್ಪಡೆಯವರು 1932ರಲ್ಲಿಯೇ ದಲಿತರಿಗೆ ದೇವಾಲಯದ ಬಾಗಿಲು ತೆರೆದರು, ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ನಾಲ್ಕು ವರ್ಷ ಮೊದಲು. ನಿಮ್ಮ ಲೇಖನದಲ್ಲಿ ಸಂಡೂರಿನ ಅರಮನೆಯಿದೆ, ಈ ಬಾಗಿಲು ಇಲ್ಲ.

ಶ್ರೇಷ್ಠ ಕಲೆ ಎಲ್ಲರಿಗೂ ಎಟುಕಬಾರದು ಎಂಬ ನಿಮ್ಮ ಮಾತಿಗೆ ಮಾನ್ವಿಯ ಜಗನ್ನಾಥದಾಸರೇ ಉತ್ತರ. ಸಂಸ್ಕೃತದ ದೊಡ್ಡ ವಿದ್ವಾಂಸರಾಗಿದ್ದ ಅವರು ಮೊದಲು ಕನ್ನಡದ ಹಾಡುಗಾರ ದಾಸರನ್ನು ಹೀಗಳೆಯುತ್ತಿದ್ದರು, ಆಮೇಲೆ ಅದೇ ವಿಜಯದಾಸ, ಗೋಪಾಲದಾಸರ ದಾರಿಗೆ ಬಂದರು ಎಂಬ ಕಥೆ ರಾಯಚೂರಿನ ಮನೆಮನೆಗೆ ಗೊತ್ತು. ಹರಿಕಥಾಮೃತಸಾರವನ್ನು ಅವರು ಬರೆದದ್ದು ಕನ್ನಡದ ಷಟ್ಪದಿಯಲ್ಲಿ. ಅದರಿಂದ ವಿಚಾರ ತೆಳುವಾಯಿತೇ? ಇವತ್ತಿಗೂ ಅದನ್ನು ಬಿಡಿಸಿ ಹೇಳಲು ಪಂಡಿತರು ಬೇಕು, ಹಾಡಿಕೊಳ್ಳಲು ಅಡುಗೆಮನೆಯ ಹೆಂಗಸರೂ ಸಾಕು. ಬಯಲಾಟದಲ್ಲಿ ಹಗಲೆಲ್ಲ ಕಳೆ ಕಿತ್ತ ಕೂಲಿಯವನು ರಾತ್ರಿ ಭುಜಕೀರ್ತಿ ಕಟ್ಟಿ ಧರ್ಮರಾಯನಾಗುತ್ತಾನೆ. ಅವನು ನಿಲ್ಲುವ ಠೀವಿಯನ್ನು ಯಾವ ವಾಡೆಯಲ್ಲಿ ಕಲಿತ?

ಈಗ ಆ ಆರು ಸಾಲುಗಳಿಗೆ ಬರುತ್ತೇನೆ. ಎಪ್ಪತ್ತೆರಡರ ಬರದಲ್ಲಿ ನಿಮ್ಮ ಅಜ್ಜ ಹಗೇವು, ಅಂದರೆ ನೆಲದಡಿಯ ಕಣಜ, ತೆಗೆಸಿದರು ಎಂದು ಅಜ್ಜಿ ಹೇಳಿದ್ದನ್ನು ಬರೆದಿದ್ದೀರಿ. ನಡುವಿನ ಒಳ್ಳೆಯ ಜೋಳವನ್ನು ಊರಿಗೆ ಅಳೆದು ಕೊಟ್ಟರು, ಗೋಡೆಗೆ ಹತ್ತಿದ ಮುಗ್ಗಲು ಜೋಳವನ್ನು ಮನೆಗೆ ಇಟ್ಟುಕೊಂಡರು. ಬಂದವರ ಹೆಸರು ಬರೆಯಬೇಡ ಎಂದು ಲೆಕ್ಕದವನಿಗೆ ಹೇಳಿದರು. ಕತ್ತಲಾದ ಮೇಲೆ ಬನ್ನಿ ಎಂದು ಊರಿಗೆ ಹೇಳಿಕಳಿಸಿದರು, ಯಾರು ಕೈಚಾಚಿದರು ಎಂಬುದು ಯಾರಿಗೂ ಕಾಣಬಾರದೆಂದು. ಆ ವರ್ಷವಿಡೀ ಮನೆಯ ರೊಟ್ಟಿ ಕಹಿಯಾಗಿತ್ತು, ಮಕ್ಕಳು ಅಳುತ್ತಿದ್ದರು ಎಂದು ಅಜ್ಜಿ ಹೇಳಿದರಂತೆ.

ಇಷ್ಟು ಬರೆದು, ಮುಂದಿನ ಸಾಲಿಗೇ ದೀಪಗುಚ್ಛಕ್ಕೆ ಹೋಗಿದ್ದೀರಿ! ನನಗೆ ತಡೆಯಲಾಗಲಿಲ್ಲ, ಹಾಳೆಯ ಅಂಚಿನಲ್ಲಿ ‘ಯಾಕೆ ಬಿಟ್ಟಿರಿ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಹಗೇವು ತೆಗೆಯುವುದು ಎಂದರೇನು ಎಂದು ನಿಮ್ಮ ವಯಸ್ಸಿನವರಿಗೆ ಇನ್ನು ಯಾರು ಹೇಳಬೇಕು? ಮೇಲಿನ ಮಣ್ಣು ಸರಿಸಿ, ಬಾಯಿಯ ಕಲ್ಲು ಎತ್ತಿ, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಾನೆ. ಅವಸರ ಮಾಡಿ ಇಳಿದು ಉಸಿರುಗಟ್ಟಿ ಸತ್ತವರಿದ್ದಾರೆ. ಹಸಿದ ಊರು ಸುತ್ತ ನಿಂತಿರುವಾಗ ಆ ಕಾಯುವಿಕೆ ಹೇಗಿತ್ತು, ಅಜ್ಜಿಯನ್ನು ಕೇಳಿದ್ದೀರಾ? ಮುಗ್ಗಲು ಜೋಳದ ಹಿಟ್ಟು ನಾದಿದರೆ ಜಿಗಿ ಬರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಆ ರೊಟ್ಟಿ ಬಡಿದದ್ದು ಅಜ್ಜ ಅಲ್ಲ, ಅಜ್ಜಿ. ನಿರ್ಧಾರ ಯಾರದಾಗಿತ್ತು ಎಂಬುದನ್ನೂ ಅವರನ್ನೇ ಕೇಳಿ. ನನಗೇನೋ ಇದರಲ್ಲಿ ಲಕ್ಕಮ್ಮನ ಧ್ವನಿಯೊಂದು ಅಡಗಿದೆ ಅನ್ನಿಸುತ್ತದೆ.

ಕಷ್ಟದ ಪ್ರಶ್ನೆಗಳನ್ನೂ ಬಿಡಬೇಡಿ. ಆ ಜೋಳ ಬೆಳೆದವರು ಯಾರು? ಲಾವಣಿಯ, ಅಂದರೆ ಗೇಣಿಯ, ಲೆಕ್ಕದಲ್ಲಿ ಎಷ್ಟು ಪಾಲು ವಾಡೆಗೆ ಬರುತ್ತಿತ್ತು? ಹಗೇವಿನೊಳಗೆ ದೀಪ ಹಿಡಿದು ಇಳಿದವನು ಯಾವ ಓಣಿಯವನು, ಅವನಿಗೆ ವಾಡೆಯ ಪಡಸಾಲೆ ಹತ್ತುವ ಅವಕಾಶವಿತ್ತೇ? ಕತ್ತಲಲ್ಲಿ ಬಂದವರಿಗೆಲ್ಲ ಒಂದೇ ಸೇರಿನಲ್ಲಿ ಅಳೆದರೇ, ಕೆಲವರ ಸೆರಗಿಗೆ ಮೇಲಿನಿಂದ ಸುರಿದರೇ? ಉತ್ತರ ಅಜ್ಜನಿಗೆ ಅನುಕೂಲವಾಗಿರಲಿಕ್ಕಿಲ್ಲ. ಅದನ್ನು ಬರೆಯಿರಿ. ಅಜ್ಜನ ದೊಡ್ಡತನ ನಿಜವಾದದ್ದಾದರೆ ಈ ಪ್ರಶ್ನೆಗಳ ಮುಂದೆ ನಿಲ್ಲುತ್ತದೆ, ನಿಲ್ಲದಿದ್ದರೆ ಎಷ್ಟು ನಿಂತಿತೋ ಅಷ್ಟನ್ನೇ ಬರೆಯಿರಿ. ವಂಶದ ಹೊಗಳಿಕೆಗೆ ನಮ್ಮಲ್ಲಿ ಜಾಗವಿಲ್ಲ, ಆದರೆ ಒಬ್ಬ ಮನುಷ್ಯ ತನ್ನ ಕಾಲದ ಕಟ್ಟುಪಾಡಿನೊಳಗೆ ಎಷ್ಟು ಎತ್ತರಕ್ಕೆ ಏರಿದ, ಎಲ್ಲಿ ನಿಂತ ಎಂಬುದಕ್ಕೆ ಎಷ್ಟು ಪುಟ ಬೇಕಾದರೂ ಕೊಡುತ್ತೇನೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಭವ್ಯ’ ಎಂಬುದು ಮೊದಲ ಪುಟದಲ್ಲೇ ಐದು ಕಡೆ ಇದೆ, ಐದನ್ನೂ ತೆಗೆಯಿರಿ. ‘ಗತವೈಭವ’ವನ್ನೂ. ರಕ್ತ, ವಂಶ, ತೇಜಸ್ಸು ಎಂದು ಬಂದಲ್ಲೆಲ್ಲ ಆ ವ್ಯಕ್ತಿ ಮಾಡಿದ ಒಂದು ಕೆಲಸವನ್ನು ಇಡಿ. ಕೆಲಸ ಸಿಗದಿದ್ದರೆ ಆ ವಾಕ್ಯ ಬೇಡ. ಹಗೇವಿನ ಆರು ಸಾಲುಗಳಲ್ಲಿ ಒಂದೇ ಒಂದು ವಿಶೇಷಣವೂ ಅನಗತ್ಯವಾಗಿಲ್ಲ ಎಂಬುದನ್ನು ನೀವೇ ಓದಿ ನೋಡಿ. ಅಜ್ಜಿಯ ಮಾತು ಕೇಳಿ ಬರೆದದ್ದರಿಂದ ಹಾಗಾಗಿದೆ.

ಅಜ್ಜಿಗೆ ಈಗ ಎಂಬತ್ತೆಂಟು ಎಂದು ಬರೆದಿದ್ದೀರಿ. ಹಾಗಾದರೆ ತಡ ಮಾಡಬೇಡಿ, ಈ ವಾರವೇ ಹೋಗಿ. ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಆದರೆ ಮೊದಲು ಅವರ ಒಪ್ಪಿಗೆ ಕೇಳಿ. ಆ ಕಾಲದ ಆಳುಮಕ್ಕಳಲ್ಲಿ ಯಾರಾದರೂ ಊರಲ್ಲಿದ್ದರೆ ಅವರ ಮನೆಗೂ ಹೋಗಿ, ಅವರ ಮಾತನ್ನು ಅಜ್ಜಿಯ ಮಾತಿನ ಪಕ್ಕದಲ್ಲಿಟ್ಟು ಬರೆಯಿರಿ, ಹೊಂದದಿದ್ದರೆ ಹೊಂದಿಸಬೇಡಿ. ಹನ್ನೆರಡು ಪುಟ ಬೇಡ, ಐದು ಸಾಕು. ಶೀರ್ಷಿಕೆಯನ್ನು ಬರೆದು ಮುಗಿಸಿದ ಮೇಲೆ ಯೋಚಿಸಿ. ಯುಗಾದಿಯ ಸಂಚಿಕೆಯಲ್ಲಿ ನಿಮಗಾಗಿ ಜಾಗ ಕಾಯ್ದಿರಿಸಿದ್ದೇನೆ.

ವಿಶ್ವಾಸದಿಂದ,
ಸಂಪಾದಕ
ಕೊಪ್ಪಳ