ಕೆಚ್ಚಲು ಬಾವಿಗೆ ಅದೇ ಔಷಧಿ ಮೂರನೇ ಸಲ ಏಕೆ ನಾಟಲಿಲ್ಲ?

ಅಣ್ಣಾ, ಎರಡು ಸಲ ಎನ್ರೋಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಚುಚ್ಚುಮದ್ದಿಗೆ ಇಳಿದ ಕೆಚ್ಚಲು ಬಾವು ಮೂರನೇ ಸಲ ಬಗ್ಗಲಿಲ್ಲ, ಅಂಗಡಿಯವರು ನಕಲಿ ಔಷಧಿ ಕೊಟ್ಟರೇ ಎಂದು ಕೇಳಿದ್ದೀರಿ. ಅಂಗಡಿಯವರನ್ನು ದೂರುವ ಮೊದಲು ರೋಗಾಣುವಿನ ಕಡೆ ನೋಡಿ. ಹೀಗೆ ಮರುಕಳಿಸುವ ಬಾವು ಕಂಡರೆ ನನ್ನ ಮೊದಲ ಅನುಮಾನ ಸ್ಟ್ಯಾಫಿಲೋಕಾಕಸ್ ಆರಿಯಸ್ ಮೇಲೆ. ಮೊಲೆತೊಟ್ಟಿನ ಚರ್ಮದಲ್ಲಿ, ಹಾಲು ಕರೆಯುವವರ ಕೈಯಲ್ಲಿ, ಮೂಗಿನೊಳಗೆ ಕೂಡ ಸದ್ದಿಲ್ಲದೆ ಇರುವ ಬ್ಯಾಕ್ಟೀರಿಯಾ ಅದು.

ಅದರ ಡಿಎನ್‌ಎ ನಕಲಾಗುವಾಗ ಹುರಿ ಹೆಚ್ಚಾದ ಹಗ್ಗದಂತೆ ಬಿಗಿದುಕೊಳ್ಳುತ್ತದೆ. ಒಂದು ಎರಡಾಗಬೇಕಾದರೆ ಗೈರೇಸ್ ಎಂಬ ಕಿಣ್ವ ಆ ಹುರಿಯನ್ನು ಬಿಡಿಸಬೇಕು. ಎನ್ರೋಫ್ಲಾಕ್ಸಸಿನ್ ಹೋಗಿ ಹಿಡಿಯುವುದು ಈ ಕಿಣ್ವವನ್ನು ಮತ್ತು ಇದರ ಜೋಡಿ ಕಿಣ್ವವನ್ನು. ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ಗೈರೇಸ್‌ನ 84ನೇ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲದ ಬದಲು ಲ್ಯೂಸಿನ್ ಬಂದು ಕುಳಿತರೆ ಔಷಧಿಯ ಹಿಡಿತ ಸಡಿಲವಾಗುತ್ತದೆ. ಜೋಡಿ ಕಿಣ್ವದ 80ನೇ ಸ್ಥಾನವೂ ಬದಲಾಗಿದ್ದರೆ ಔಷಧಿ ಹೆಚ್ಚುಕಡಿಮೆ ನೀರಿಗೆ ಸಮ. ಇಂಥ ತಪ್ಪು ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಎಲ್ಲೋ ಒಂದೆರಡಕ್ಕೆ ಆಕಸ್ಮಿಕವಾಗಿ ಆಗುತ್ತದೆ. ಕಳೆನಾಶಕ ಹೊಡೆದ ಹೊಲದಲ್ಲಿ ಸಾಯದೆ ಉಳಿದ ಕಳೆ ತಾನೇ ಮುಂದಿನ ಬೀಜ ಉದುರಿಸುವುದು? ಕೆಚ್ಚಲಿನೊಳಗೂ ಹಾಗೆಯೇ.

ಪೆನಿಸಿಲಿನ್ ಸೋಲುವ ದಾರಿ ಬೇರೆ. ಅದನ್ನು ಕತ್ತರಿಸಿ ಹಾಕುವ ಕಿಣ್ವದ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಮೆಕ್‌ಎ ಎಂಬ ಇನ್ನೊಂದು ಜೀನ್ ಸೇರಿಕೊಂಡರೆ ಅದೇ ಎಂಆರ್‌ಎಸ್‌ಎ, ಅಂದರೆ ಪೆನಿಸಿಲಿನ್ ಗುಂಪಿನ ಬಹುತೇಕ ಔಷಧಿಗಳಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್. ಆ ಜೀನ್‌ನ ದಾಯಾದಿ ಮೆಕ್‌ಸಿ ಇಂಗ್ಲೆಂಡಿನ ಡೇರಿ ಹಾಲಿನಲ್ಲಿ ಸಿಕ್ಕಿದ್ದು 2011ರಲ್ಲಿ ವರದಿಯಾಯಿತು.

ಈಗ ಮಾಡಬೇಕಾದದ್ದು: ಇನ್ನೊಂದು ಔಷಧಿ ಹಾಕಿಸುವ ಮೊದಲೇ ಹಾಲಿನ ಮಾದರಿ ತೆಗೆಯಿರಿ. ಕೈ ತೊಳೆದು, ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ, ಮೊದಲ ಕೆಲವು ಧಾರೆಗಳನ್ನು ಬೇರೆ ಪಾತ್ರೆಗೆ ಬಿಟ್ಟು, ಆಮೇಲಿನದನ್ನು ಕ್ರಿಮಿಶುದ್ಧ ಬಾಟಲಿಗೆ ಹಿಡಿಯಿರಿ. ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಿ. ಬೆಂಗಳೂರಿನ ಸುತ್ತಮುತ್ತಲಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಬೇರೆ ಕಡೆಯವರು ನಿಮ್ಮ ಪಶುವೈದ್ಯರ ಮೂಲಕ ಕಳುಹಿಸಿ. ಯಾವ ಔಷಧಿಗೆ ರೋಗಾಣು ಸಾಯುತ್ತದೆ ಎಂಬ ಪರೀಕ್ಷೆಯನ್ನೂ ಮಾಡಿಸಬೇಕು ಎಂದು ಬಾಯಿಬಿಟ್ಟು ಕೇಳಿ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪರೀಕ್ಷೆಯಲ್ಲಿ ಗೆದ್ದ ಔಷಧಿಯೂ ಕೆಚ್ಚಲಿನಲ್ಲಿ ಸೋಲಬಹುದು, ಏಕೆಂದರೆ ಈ ರೋಗಾಣು ಗಂಟುಗಟ್ಟಿದ ಭಾಗದಲ್ಲಿ, ಜೀವಕೋಶಗಳ ಒಳಗೆ ಸಹ ಅಡಗುತ್ತದೆ. ನನ್ನ ಜರ್ಸಿ ಹಸುವಿನ ಹಾಲು ತಿಳಿಯಾಯಿತೆಂದು ಎರಡನೇ ದಿನಕ್ಕೇ ಔಷಧಿ ನಿಲ್ಲಿಸಿ, ಕೊನೆಗೆ ಒಂದು ಮೊಲೆಯನ್ನೇ ಕಳೆದುಕೊಂಡೆ. ಆ ನೋವು ಇನ್ನೂ ಇದೆ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಹಾಕಿಸಿ.

ಅಲ್ಲಿಯವರೆಗೆ ಈ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಕರೆದ ಮೇಲೆ ಪ್ರತಿ ತೊಟ್ಟನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಹಿಂಡಬೇಡಿ, ಕರುವಿಗೂ ಕುಡಿಸಬೇಡಿ. ಪರೀಕ್ಷೆಯ ಫಲಿತಾಂಶ ಬಂದ ದಿನ ಇಲ್ಲಿ ಹಾಕಿ, ನೋಡೋಣ.